ಸಹಾಯಧನದ ಅಳತೆಗೋಲು

ಹಣ ಕೊಟ್ಟವನು ಲೆಕ್ಕ ಕೇಳುವುದು ಸಹಜ. ಆದರೆ ಕೆಲಸವೆಂದರೆ ಏನು ಎಂಬುದನ್ನೂ ಅವನೇ ಗೊತ್ತುಮಾಡತೊಡಗಿದರೆ, ದುಡಿಯುವವನ ಬುದ್ಧಿಯೂ ಕ್ರಮೇಣ ಆ ಹಣದ ಅಳತೆಗೆ ಬಗ್ಗುತ್ತದೆ. ಅಮೆರಿಕದ ಪತ್ರಾಗಾರಗಳ ಐವತ್ತು ವರ್ಷಗಳ ಅನುಭವ ಇದಕ್ಕೆ ನಿದರ್ಶನವಾಗಿದೆ. ಹಳೆಯ ಕಡತಗಳ ಚಿಂತೆ ಬಡವನಿಗೇಕೆ ಎನ್ನುವವರುಂಟು. ಜಮೀನನ್ನು ಉತ್ತವರು ಯಾರು, ಕೂಲಿ ಎಷ್ಟು ಸಂದಿತು ಎಂಬ ವ್ಯಾಜ್ಯಕ್ಕೆ ಕೊನೆಯ ಸಾಕ್ಷಿ ಕಡತವೇ. ಅದು ಕಳೆದುಹೋದರೆ ಉಳ್ಳವನಿಗೆ ನಷ್ಟವಿಲ್ಲ.

ಅಮೆರಿಕದ ಸರ್ಕಾರ 1934ರಲ್ಲಿ ಐತಿಹಾಸಿಕ ಪ್ರಕಟಣೆಗಳಿಗಾಗಿ ಒಂದು ಆಯೋಗವನ್ನು ಸ್ಥಾಪಿಸಿತು. 1974ರಲ್ಲಿ ದಾಖಲೆಗಳ ರಕ್ಷಣೆಯನ್ನೂ ಅದರ ಹೊಣೆಗೆ ಸೇರಿಸಿತು. ಅಲ್ಲಿಂದ ಮುಂದೆ ರಾಜ್ಯಗಳ, ವಿಶ್ವವಿದ್ಯಾಲಯಗಳ ಪತ್ರಾಗಾರಗಳಿಗೆ ಸಹಾಯಧನ ಹರಿಯಿತು. ಮೆಲನ್‌ನಂತಹ ಶ್ರೀಮಂತ ಪ್ರತಿಷ್ಠಾನಗಳೂ ಕೈ ನೀಡಿದವು. ಇದರಿಂದ ಒಳಿತಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಈ ಹಣ ಬರುವುದು ಒಂದೆರಡು ವರ್ಷಗಳ ಯೋಜನೆಗೆ, ಎಣಿಸಿ ತೋರಿಸಬಲ್ಲ ಫಲಕ್ಕೆ.

ಮಾರ್ಕ್ ಗ್ರೀನ್ ಮತ್ತು ಡೆನಿಸ್ ಮೈಸ್ನರ್ ಎಂಬಿಬ್ಬರು ಇದೇ ಆಯೋಗದ ನೆರವಿನಿಂದ ನಡೆಸಿದ ಅಧ್ಯಯನವನ್ನು 2005ರಲ್ಲಿ ಪ್ರಕಟಿಸಿದರು. ಅವರು ಕಂಡಂತೆ, ನೂರಕ್ಕೆ 60 ಸಂಸ್ಥೆಗಳಲ್ಲಿ ಸಂಗ್ರಹದ ಮೂರರಲ್ಲೊಂದು ಪಾಲಾದರೂ ವಿಂಗಡಣೆಯಾಗದೆ ಬಿದ್ದಿತ್ತು. ಒಂದೊಂದು ಹಾಳೆಯನ್ನೂ ತಿರುವುತ್ತ ಕೂರಬೇಡಿ, ಒಂದು ಘನ ಅಡಿ ಕಾಗದಕ್ಕೆ ಸರಾಸರಿ 4 ಗಂಟೆಯಂತೆ ಕೆಲಸ ಮುಗಿಸಿ ಓದುಗರಿಗೆ ತೆರೆಯಿರಿ ಎಂದು ಅವರು ಸೂಚಿಸಿದರು. ಸಲಹೆಯಲ್ಲಿ ಹುರುಳಿತ್ತು, ಬೀಗ ಜಡಿದ ಪೆಟ್ಟಿಗೆಯಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಕಸುಬಿನವರು ಚರ್ಚಿಸಿ ಒಪ್ಪಬೇಕಾದ ವಿಚಾರ ಸಹಾಯಧನದ ನಿಯಮಗಳೊಳಗೆ ಹೊಕ್ಕಿತು. ಒಪ್ಪಿದವನೂ ಒಪ್ಪದವನೂ ಅರ್ಜಿಯಲ್ಲಿ ಅದನ್ನೇ ಬರೆಯಬೇಕಾಯಿತು. ಮೆಲನ್ ಹಣದಿಂದ 2008ರಲ್ಲಿ ಮೊದಲಾದ ಇನ್ನೊಂದು ಕಾರ್ಯಕ್ರಮ ಮೂಲೆಗೆ ಬಿದ್ದ ಸಂಗ್ರಹಗಳ ಪಟ್ಟಿ ಮಾಡಲು ನೆರವಾಯಿತು. 2015ರಿಂದ ಆ ನೆರವು ಡಿಜಿಟಲ್ ಪ್ರತಿ ತೆಗೆಯುವ ಕಡೆಗೆ ತಿರುಗಿತು. ಪಟ್ಟಿಯ ಕೆಲಸ ಅಷ್ಟರಲ್ಲಿ ಮುಗಿದಿತ್ತೆ? ಇರಲಿಲ್ಲ. ಹಣದ ಮುಖ ತಿರುಗಿತು, ಕಸುಬಿನ ಮುಖವೂ ತಿರುಗಿತು.

ಪತ್ರಾಗಾರದ ನೌಕರ ಮೊದಲು ತನ್ನ ಕೆಲಸವನ್ನು ಅರ್ಜಿಯ ಭಾಷೆಯಲ್ಲಿ ಹೇಳಲು ಕಲಿಯುತ್ತಾನೆ. ಕೆಲವು ವರ್ಷಗಳಲ್ಲಿ ಅದೇ ಅವನ ನಂಬಿಕೆಯಾಗುತ್ತದೆ. ಯಾವುದನ್ನು ಉಳಿಸಬೇಕೆಂಬ ವಿವೇಚನೆ, ಹುಡುಕಿಕೊಂಡು ಬಂದವನಿಗೆ ದಾರಿ ತೋರುವ ತಾಳ್ಮೆ, ಒಂದೇ ಸಂಗ್ರಹದೊಡನೆ ಮೂವತ್ತು ವರ್ಷ ಬಾಳಿ ಗಳಿಸಿದ ತಿಳಿವು, ಇವು ಯಾವ ವರದಿಯ ಕೋಷ್ಟಕದಲ್ಲೂ ಕೂರುವುದಿಲ್ಲ. ಯೋಜನೆ ಮುಗಿದ ದಿನ ನೌಕರನೂ ಹೊರಗೆ, ತಿಳಿವೂ ಹೊರಗೆ. ತಾತ್ಕಾಲಿಕ ನೇಮಕದಿಂದ ನೌಕರರಿಗೂ ಸಂಗ್ರಹಕ್ಕೂ ಕೇಡೆಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪತ್ರಾಗಾರ ನೌಕರರು 2018ರಲ್ಲಿ ಬಹಿರಂಗ ಪತ್ರ ಬರೆದರು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಮಾನವಿಕ ನಿಧಿ ಮಂಜೂರಾಗಿದ್ದ ಸಾವಿರಕ್ಕೂ ಹೆಚ್ಚು ಸಹಾಯಧನಗಳನ್ನು ಒಮ್ಮೆಗೇ ರದ್ದುಪಡಿಸಿತು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಕೊಟ್ಟ ಕೈಯೇ ಕಿತ್ತುಕೊಂಡಾಗ ಹಂಗಿನ ಬೆಲೆ ತಿಳಿಯಿತು.

ಈ ಪಾಠ ನಮಗೂ ಬೇಕು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗಾಗಿ ಕೇಂದ್ರ ಸರ್ಕಾರ 2025ರ ಮುಂಗಡಪತ್ರದಲ್ಲಿ ಜ್ಞಾನ ಭಾರತಂ ಯೋಜನೆಯನ್ನು ಸಾರಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಎಣಿಕೆ ಮುಗಿದ ಮರುದಿನ ಆ ಓಲೆಗಳ ಬಳಿ ಯಾರಿರುತ್ತಾರೆಂದು ಕೇಳುವ ಹಕ್ಕು ಪ್ರಜೆಗಳಿಗಿದೆ.

ಶಾಲೆಗೆ ಉಪಾಧ್ಯಾಯರಂತೆ ಪತ್ರಾಗಾರಕ್ಕೆ ಖಾಯಂ ನೌಕರರು ಬೇಕು. ಅವರ ಸಂಬಳ ಜನರ ತೆರಿಗೆಯಿಂದ ವರ್ಷವರ್ಷವೂ ತಪ್ಪದೆ ಬರಬೇಕು. ಅದರ ಮೇಲೆ ಯಾರಾದರೂ ದಾನ ಕೊಟ್ಟರೆ ಸಂತೋಷ. ಯಾವ ಕಾಗದ ಉಳಿಯಬೇಕು, ಯಾವ ಕೆಲಸ ಮೊದಲಾಗಬೇಕು ಎಂಬ ತೀರ್ಮಾನ ಮಾತ್ರ ಕಸುಬು ಬಲ್ಲವರ ಮತ್ತು ಜನರ ಕೈಯಲ್ಲೇ ಇರಬೇಕು. ಈ ಬೇಡಿಕೆಯನ್ನು ನೌಕರ ಸಂಘಗಳೂ ಓದುಗರೂ ಒಟ್ಟಾಗಿ ಎತ್ತಬೇಕು.