ಆರು ಗಂಟೆಯ ಮಾತ್ರೆ ಆರಕ್ಕೇ ಬೇಕು



ಏಪ್ರಿಲ್ 11ರ ವಿಶ್ವ ಪಾರ್ಕಿನ್ಸನ್ ದಿನ ಬಂತೆಂದರೆ ಪತ್ರಿಕೆಗಳಲ್ಲಿ ಲೇಖನ, ಅಲ್ಲಲ್ಲಿ ಉಪನ್ಯಾಸ. ಎಲ್ಲದರಲ್ಲೂ ಮನೆಯವರಿಗೆ ಒಂದು ಬುದ್ಧಿಮಾತು ಇದ್ದೇ ಇರುತ್ತದೆ: ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ಮನೆಯಲ್ಲಿ ನಾವು ಅದನ್ನು ತಪ್ಪಿಸುವುದಿಲ್ಲ. ತಪ್ಪುವುದು ಆಸ್ಪತ್ರೆಗೆ ಸೇರಿಸಿದ ಮೇಲೆ. ಆ ಬಗ್ಗೆ ಮಾತೇ ಇಲ್ಲ.

ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಬಲಗೈಯ ಹೆಬ್ಬೆರಳು ತೋರುಬೆರಳನ್ನು ಸುಮ್ಮನೆ ಉಜ್ಜತೊಡಗಿದಾಗ, ಮಡಿಲಲ್ಲಿ ಬೀಡಿ ಕಟ್ಟುವ ತಡ್ಪೆ ಇಲ್ಲದಿದ್ದರೂ ಬೆರಳಿಗೆ ಅಭ್ಯಾಸ ಬಿಟ್ಟಿಲ್ಲ ಎಂದೇ ನೆರೆಕರೆಯವರು ಹೇಳಿದರು. ಅದು ಪಾರ್ಕಿನ್ಸನ್ ಎಂದು ತಿಳಿಯಲು ಪುಂಜಾಲಕಟ್ಟೆಯಿಂದ ಮಂಗಳೂರಿನವರೆಗೆ ಹೋಗಬೇಕಾಯಿತು. ಈಗ ಆರು, ಹತ್ತು, ಎರಡು, ಮತ್ತೆ ಸಂಜೆ ಆರು ಎಂದು ಮೊಬೈಲಿನಲ್ಲಿ ನಾಲ್ಕು ಅಲಾರಾಂ ಇವೆ. ಬೆಳಗಿನ ಮಾತ್ರೆ ನುಂಗಿ ಮುಕ್ಕಾಲು ಗಂಟೆಗೆ ಅಮ್ಮ ತಾವೇ ಎದ್ದು ಬಚ್ಚಲಿಗೆ ಹೋಗುತ್ತಾರೆ.

ಕಳೆದ ಮಳೆಗಾಲದಲ್ಲಿ ಜ್ವರ, ವಾಂತಿ ಎಂದು ಒಂದು ಆಸ್ಪತ್ರೆಗೆ ಸೇರಿಸಿದೆವು. ಮಾತ್ರೆಗಳನ್ನೆಲ್ಲ ಸಿಸ್ಟರ್ ತೆಗೆದಿಟ್ಟುಕೊಂಡರು. ಮರುದಿನ ಆರಕ್ಕೆ ಕೇಳಿದರೆ, "ತಿಂಡಿ ಆದ ಮೇಲೆ ಎಲ್ಲ ಒಟ್ಟಿಗೆ ಕೊಡ್ತೇವೆ ಮಾರಾಯ್ರೆ" ಎಂದರು. ಒಂಬತ್ತಕ್ಕೆ ಹಾಲಿನೊಟ್ಟಿಗೆ ಕೊಡುವಾಗ ಅಮ್ಮನಿಗೆ ಮಗ್ಗುಲು ತಿರುಗಲೂ ಆಗುತ್ತಿರಲಿಲ್ಲ. ಮಾತ್ರೆ ನಾಲಗೆಯ ಮೇಲೇ ಉಳಿಯಿತು, ಹಾಲು ಕಟವಾಯಿಯಿಂದ ಇಳಿಯಿತು. "ಅಜ್ಜಿ ಹಟ ಮಾಡ್ತಾರೆ" ಎಂದು ಯಾರೋ ಅಂದರು. ಅಮ್ಮನಿಗೆ ಎಲ್ಲವೂ ಕೇಳುತ್ತಿತ್ತು; ಮುಖದಲ್ಲಿ ತೋರಿಸಲು ಆಗುತ್ತಿರಲಿಲ್ಲ.

ವಾಂತಿ ನಿಲ್ಲಲು ಕೊಟ್ಟದ್ದು ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್. ಅದು ಡೋಪಮೈನ್ ಕೆಲಸವನ್ನೇ ತಡೆಯುವ ಮದ್ದು, ಪಾರ್ಕಿನ್ಸನ್ ಇರುವವರಿಗೆ ಕೊಡಬಾರದ್ದು. ಇದು ನನಗೆ ಗೊತ್ತಾದದ್ದು ಆಮೇಲೆ, ನರರೋಗ ತಜ್ಞರಿಂದ. ರಾತ್ರಿ ಬಡಬಡಿಸುವ ವಯಸ್ಸಾದವರನ್ನು ಸುಮ್ಮನಾಗಿಸಲು ಕೊಡುವ ಹ್ಯಾಲೊಪೆರಿಡಾಲ್ ಕೂಡ ಅದೇ ಜಾತಿಯದು. ಜ್ವರ ಎರಡೇ ದಿನದಲ್ಲಿ ಬಿಟ್ಟಿತು. ಅಮ್ಮ ಮೊದಲಿನಂತೆ ನಡೆಯಲು ಮೂರು ವಾರ ಹಿಡಿಯಿತು.

ಅಮ್ಮ ನುಂಗುವ ಲೆವೊಡೋಪಾ ಬಿ.ಪಿ. ಮಾತ್ರೆಯ ಹಾಗಲ್ಲ. ಕಾರ್ಬಿಡೋಪಾ ಸೇರಿಸಿದರೂ ರಕ್ತದಲ್ಲಿ ಅದರ ಅರ್ಧಾಂಶ ಸುಮಾರು ಒಂದೂವರೆ ಗಂಟೆಯಲ್ಲಿ ಕಳೆದುಹೋಗುತ್ತದೆ. ಹಾಲು, ಮೀನು, ಬೇಳೆಯ ಪ್ರೋಟೀನು ಅದು ಮೆದುಳಿಗೆ ಹೋಗುವ ದಾರಿಗೆ ಅಡ್ಡ ಬರುವುದರಿಂದ ಊಟ-ತಿಂಡಿಗೆ ಅರ್ಧ ಗಂಟೆ ಮೊದಲೇ ನುಂಗಬೇಕೆಂದು ಅಮ್ಮನ ಡಾಕ್ಟರು ಹೇಳಿದ್ದಾರೆ. ಮಾತ್ರೆ ಏಕಾಏಕಿ ನಿಂತರೆ ಮೈ ಸೆಟೆದು, ಜ್ವರ ಏರಿ ಜೀವಕ್ಕೇ ಕುತ್ತು ಬರುವುದುಂಟು.

ಮೆಡಿಕಲ್‌ನವರಿಗೂ ಒಂದು ಮಾತು. "110 ಇಲ್ಲ, 275 ಅರ್ಧ ಮಾಡಿ ಕೊಡಿ" ಎಂದು ದಯವಿಟ್ಟು ಹೇಳಬೇಡಿ. 110ರಲ್ಲಿ ಲೆವೊಡೋಪಾ 100, ಕಾರ್ಬಿಡೋಪಾ 10 ಮಿಲಿಗ್ರಾಂ. 275ರ ಅರ್ಧದಲ್ಲಿ 125 ಮತ್ತು 12.5. ಕೈಕಾಲು ತಾನಾಗಿ ತಿರುಚಿಕೊಳ್ಳುವವರಿಗೆ ಆ 25 ಮಿಲಿಗ್ರಾಂ ಸಣ್ಣದಲ್ಲ. ಈ ಮದ್ದು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅಗತ್ಯ ಎಂದು ಸರ್ಕಾರವೇ ಬರೆದ ಮಾತ್ರೆಗೆ ಹಳ್ಳಿಯವರು ಬಸ್ಸು ಹತ್ತಬೇಕೇ?

ಬ್ರಿಟನ್‌ನಲ್ಲಿ 2018ರಲ್ಲಿ ಹೊರಡಿಸಿದ ಗುಣಮಟ್ಟದ ಸೂಚಿ, ಆಸ್ಪತ್ರೆ ಸೇರಿದ ಪಾರ್ಕಿನ್ಸನ್ ರೋಗಿಗೆ ಲೆವೊಡೋಪಾ ನಿಗದಿತ ಹೊತ್ತಿನಿಂದ 30 ನಿಮಿಷದೊಳಗೆ ಸಿಗಬೇಕು ಎನ್ನುತ್ತದೆ. ಅದಕ್ಕೆ ದೊಡ್ಡ ಯಂತ್ರ ಬೇಡ, ಹೊಸ ಕಟ್ಟಡವೂ ಬೇಡ. ಒಬ್ಬರೇ ಸಿಸ್ಟರ್ ಇಡೀ ವಾರ್ಡು ನೋಡುವ ಕಷ್ಟ ನಾನು ಕಣ್ಣಾರೆ ಕಂಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಾತ್ರೆಯ ಡಬ್ಬಿಯನ್ನು ಜತೆಗಿರುವ ಮಗನ ಕೈಯಲ್ಲಿ ಬಿಟ್ಟು, ಕೊಟ್ಟ ಹೊತ್ತನ್ನು ಚಾರ್ಟಿನಲ್ಲಿ ಬರೆಸಿಕೊಂಡರೆ ಅವರ ಕೆಲಸವೂ ಹಗುರ.

ಜಿಲ್ಲಾ ಆರೋಗ್ಯ ಇಲಾಖೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳಿಸಲಿ. ದಾಖಲಾಗುವಾಗಲೇ ಮಾತ್ರೆಯ ಹೊತ್ತು ಕೇಳಿ ಬರೆದುಕೊಳ್ಳಬೇಕು, ಕೊಡಬಾರದ ಇಂಜೆಕ್ಷನ್‌ಗಳ ಹೆಸರು ಹಾಸಿಗೆಯ ತಲೆದೆಸೆಯಲ್ಲಿ ತೂಗುಹಾಕಬೇಕು. ಅಲ್ಲಿಯವರೆಗೆ, ಅಮ್ಮನ ಚೀಲದಲ್ಲಿ ನಾನೇ ಕೆಂಪು ಶಾಯಿಯಲ್ಲಿ ಬರೆದ ರಟ್ಟು ಒಂದು ಇದೆ.

– ಓದುಗ, ಪುಂಜಾಲಕಟ್ಟೆ