ಬಾಚಣಿಗೆ ಹಿಡಿಯುವವರು ಯಾರು?

ವಿದ್ಯಾರ್ಥಿಗಳೇ,

ಉದ್ದ ಕೂದಲಿನ ಪುಟ್ಟ ನಾಯಿಯನ್ನು ಕಂಡಾಗ ನಿಮ್ಮಲ್ಲಿ ಅನೇಕರಿಗೆ 'ನಮ್ಮ ಮನೆಯಲ್ಲಿಯೂ ಇಂಥದೊಂದು ಇರಬೇಕು' ಎನಿಸುತ್ತದೆ. ಈ ಆಸೆ ತಪ್ಪಲ್ಲ. ಆದರೆ ತಂದೆ-ತಾಯಿಯರಲ್ಲಿ ಹಟ ಹಿಡಿಯುವ ಮೊದಲು ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ. ದಿನವೂ ಬಾಚಣಿಗೆ ಹಿಡಿಯುವವರು ಯಾರು?

ಲಾಸಾ ಆಪ್ಸೊ ಎಂಬ ತಳಿಯನ್ನೇ ನೋಡೋಣ. ಇದರ ತವರು ಟಿಬೆಟ್. ಅಲ್ಲಿನ ಬೌದ್ಧ ವಿಹಾರಗಳಲ್ಲಿಯೂ ಮನೆಗಳಲ್ಲಿಯೂ ಇದು ಒಳಗಿನ ಕಾವಲುಗಾರ. ಹೊಸಬರ ಸುಳಿವು ಸಿಕ್ಕೊಡನೆ ಬೊಗಳಿ ಮನೆಯವರನ್ನು ಎಚ್ಚರಿಸುವುದು ಇದರ ಕೆಲಸ. 1933ರಲ್ಲಿ ಹದಿಮೂರನೆಯ ದಲೈ ಲಾಮಾ ಅವರು ಅಮೆರಿಕದ ಕಟಿಂಗ್ ದಂಪತಿಗಳಿಗೆ ಈ ತಳಿಯ ಎರಡು ನಾಯಿಗಳನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಅಂದು ಗೌರವದ ಕಾಣಿಕೆಯಾಗಿದ್ದ ನಾಯಿ ಇಂದು ಪೇಟೆಯಲ್ಲಿ ಹಣಕ್ಕೆ ಸಿಗುತ್ತದೆ.

ಟಿಬೆಟ್ಟಿನ ಚಳಿಗೆ ತಕ್ಕಂತೆ ಇದರ ಮೈಮೇಲೆ ಎರಡು ಪದರಗಳ ಕೂದಲಿದೆ. ಹೊರಗಿನದು ಉದ್ದ ಮತ್ತು ಒರಟು, ಒಳಗಿನದು ಮೆತ್ತಗೆ. ನಮ್ಮ ಸೊಲ್ಲಾಪುರದ ಕಡೆಗಾದರೋ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ, ಏದುಸಿರು ಬಿಟ್ಟು ಅದು ಮೈ ತಂಪು ಮಾಡಿಕೊಳ್ಳಬೇಕು.

ಇತರರ ಮಾತೇಕೆ? ನನ್ನ ತಪ್ಪನ್ನೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಈ ಜಾತಿಯ ನಾಯಿಯೊಂದಿತ್ತು. ಹೆಸರು ಮುತ್ತು. ಒಂದು ವರ್ಷ ಉತ್ತರಪತ್ರಿಕೆ ತಿದ್ದುವ ಗಡಿಬಿಡಿಯಲ್ಲಿ ಮೂರು ವಾರ ಅದರ ಮೈ ಬಾಚಲಿಲ್ಲ. ನೋಡಲು ಅಂದವಾಗಿಯೇ ಇತ್ತು. ಆದರೆ ಎತ್ತಿಕೊಂಡರೆ ನೋವಿನಿಂದ ಕುಂಯ್‌ಗುಡತೊಡಗಿತು. ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಜಡೆಗಟ್ಟಿ ಕಂಬಳಿಯಂತಾಗಿತ್ತು. ಪಶುವೈದ್ಯರು ಆ ಗಂಟುಗಳನ್ನು ಕತ್ತರಿಸಿ ತೆಗೆದಾಗ ಅಡಿಯಲ್ಲಿ ಹಸಿ ಹುಣ್ಣುಗಳಿದ್ದವು.

"ಇಷ್ಟ ದಿನಾ ಯಾರೂ ಮುಟ್ಟಿ ನೋಡಿಲ್ಲೇನ್ರಿ, ಸರ?" ಎಂದು ಅವರು ಕೇಳಿದರು. ನಾನು ತಲೆ ತಗ್ಗಿಸಿದೆ. ದಿನವೂ ನಾವೆಲ್ಲ ಅದರ ತಲೆ ಸವರುತ್ತಿದ್ದೆವು. ಕೂದಲೊಳಗೆ ಬೆರಳು ಹಾಕಿ ನೋಡಿರಲಿಲ್ಲ. ಮುದ್ದು ಮಾಡುವುದು ಬೇರೆ, ಸಾಕುವುದು ಬೇರೆ ಎಂಬುದು ನನಗೆ ಅಂದು ತಿಳಿಯಿತು.

ಸಾಕುವುದೆಂದರೇನು? ಕೂದಲನ್ನು ಬುಡದಿಂದ ತುದಿಯವರೆಗೆ ದಿನವೂ ಬಾಚಬೇಕು. ಸಿಕ್ಕು ಬಿಡಿಸಿದ ಮೇಲೆಯೇ ಸ್ನಾನ ಮಾಡಿಸಬೇಕು. ಇಲ್ಲವಾದರೆ ನೀರು ತಾಗಿ ಗಂಟು ಮತ್ತಷ್ಟು ಬಿಗಿಯಾಗುತ್ತದೆ. ಕಣ್ಣಿಗೆ ಚುಚ್ಚುವ ಕೂದಲನ್ನು ಕತ್ತರಿಸಬೇಕು ಅಥವಾ ಮೇಲೆತ್ತಿ ಕಟ್ಟಬೇಕು. ಬೇಸಿಗೆಯಲ್ಲಿ ಕೂದಲನ್ನು ಗಿಡ್ಡ ಮಾಡಬಹುದು. ಆದರೆ ಚರ್ಮ ಕಾಣುವಂತೆ ಬೋಳಿಸಿದರೆ ಬಿಸಿಲು ನೇರವಾಗಿ ಚರ್ಮವನ್ನು ಸುಡುತ್ತದೆ. ಹೊತ್ತೇರುವ ಮೊದಲೇ ತಿರುಗಾಡಿಸಿ ತರಬೇಕು. ವೈದ್ಯರು ಹೇಳಿದ ಕಾಲಕ್ಕೆ ರೇಬೀಸ್ ಲಸಿಕೆ ಹಾಕಿಸಲೇಬೇಕು. ನಮ್ಮದು ದ್ರಾಕ್ಷಿ ಬೆಳೆಯುವ ನಾಡು. ಆದರೆ ದ್ರಾಕ್ಷಿ, ಒಣದ್ರಾಕ್ಷಿ, ಉಳ್ಳಾಗಡ್ಡಿ ನಾಯಿಗೆ ವಿಷವೆಂಬುದನ್ನು ಮರೆಯಬಾರದು.

'ಹಣ ಕೊಟ್ಟರೆ ಇದನ್ನೆಲ್ಲ ಮಾಡುವವರಿದ್ದಾರೆ' ಎಂದು ಕೆಲವರು ಹೇಳಬಹುದು. ನಿಜ. ಆದರೆ ಅವರ ಬಳಿಗೆ ಹೋಗುವುದು ತಿಂಗಳಿಗೊಮ್ಮೆ. ಕೂದಲು ಸಿಕ್ಕಾಗುವುದು ದಿನವೂ.

ಇನ್ನೊಂದು ಲೆಕ್ಕವನ್ನೂ ಮಾಡಿ ನೋಡಿರಿ. ಈ ನಾಯಿ ಸಾಮಾನ್ಯವಾಗಿ 12ರಿಂದ 15 ವರ್ಷ ಬಾಳುತ್ತದೆ. ಇಂದು ನಿಮಗೆ 13 ವರ್ಷವಾಗಿದ್ದರೆ, ಅದು ಮುದಿಯಾಗುವ ಹೊತ್ತಿಗೆ ನಿಮಗೆ 25 ದಾಟಿರುತ್ತದೆ. ನೀವು ಓದಿಗೋ ನೌಕರಿಗೋ ಪುಣೆ, ಮುಂಬಯಿ ಸೇರಿರಬಹುದು. ಆಗ ಅದನ್ನು ನೋಡಿಕೊಳ್ಳುವವರು ಯಾರು? ಬೇಸರವಾಯಿತೆಂದು ಬೀದಿಗೆ ಬಿಟ್ಟರೆ, ಮನೆಯೊಳಗೇ ಬೆಳೆದ ಆ ಜೀವ ಹಸಿವೆ ನೀರಡಿಕೆಗಳಿಂದ ನರಳುತ್ತದೆ. ಹಾಗೆ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ನಾಯಿ ಸಾಕಬೇಡಿರೆಂದು ನಾನು ಹೇಳುತ್ತಿಲ್ಲ. ಗಿಡ್ಡ ಕೂದಲಿನ ನಮ್ಮ ಓಣಿಯ ನಾಯಿಗಳು ಈ ಬಿಸಿಲಿಗೆ ಒಗ್ಗಿದವು. ಪ್ರೀತಿಯಲ್ಲಿ ಯಾವ ತಳಿಗೂ ಕಡಿಮೆಯಲ್ಲ. ಉದ್ದ ಕೂದಲಿನದೇ ಬೇಕೆಂದರೆ ಮೊದಲು ನಿಮ್ಮನ್ನು ಪರೀಕ್ಷಿಸಿಕೊಳ್ಳಿರಿ. ಒಂದು ತಿಂಗಳು ದಿನವೂ ಅರ್ಧ ಗಂಟೆ ಬೇಗ ಎದ್ದು, ಮನೆಯ ದನಕರುಗಳ ಮೈ ತಿಕ್ಕಿರಿ ಅಥವಾ ಓಣಿಯ ನಾಯಿಗಳಿಗೆ ನೀರಿಡಿರಿ. ಒಂದು ದಿನವೂ ತಪ್ಪದಿದ್ದರೆ ತಂದೆಯವರ ಬಳಿ ಹೋಗಿ ನಿಮ್ಮ ಆಸೆಯನ್ನು ಹೇಳಿರಿ.