ಪಿತ್ತನಾಳದ ಸ್ಕ್ಯಾನ್: ಯಾರಿಗೆ ಬೇಕು, ಯಾವಾಗ ಬೇಕು?



ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಪೂಜೆ ಮುಗಿದು ಹೊರಗೆ ಬರುವಾಗ ಉಡುಮಲಪೇಟೆ ಕಡೆಯ ಒಬ್ಬ ರೈತ ಸಹೋದರರು ನಮ್ಮನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದರು. ಅದರಲ್ಲಿ ವೈದ್ಯರ ಕೈಬರಹದಲ್ಲಿ ಇದ್ದದ್ದು ನಾಲ್ಕೇ ಅಕ್ಷರ: ಎಂ.ಆರ್.ಸಿ.ಪಿ. "ಮನೆಯವಳಿಗೆ ಹೊಟ್ಟೆನೋವು ಅಂತ ಹೋದೆವು. ಒಂದು ಸ್ಕ್ಯಾನ್ ಆಯಿತು, ಪಿತ್ತಕೋಶದಲ್ಲಿ ಕಲ್ಲು ಅಂದರು. ರಕ್ತ ನೋಡಿ ಈಗ ಇನ್ನೊಂದು ದೊಡ್ಡ ಸ್ಕ್ಯಾನ್ ಅಂತಾರೆ. ಇದು ಬೇಕೇ ಬೇಕಾ ಅಣ್ಣಾ, ಇಲ್ಲ ದುಡ್ಡು ಕೀಳೋಕಾ? ಹಸು ಮಾರೋದಾ ಬೇಡವಾ, ಅದೊಂದು ಹೇಳಿ" ಎಂದರು.

ಅಂದು ನಾವು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಆಮೇಲೆ ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ಆಸ್ಪತ್ರೆಯ ವರದಿ ಮಾತ್ರ ಇಂಗ್ಲಿಷಿನಲ್ಲಿ. ನಮ್ಮಂಥವರಿಗೆ ಇಂಥ ವಿಷಯವನ್ನು ಯಾರಾದರೂ ಬಿಡಿಸಿ ಹೇಳಲೇಬೇಕು.

ವೆಳ್ಳಿಯಂಗಿರಿ ಬೆಟ್ಟದ ಸಣ್ಣ ಸಣ್ಣ ತೊರೆಗಳು ಕೂಡಿ ನೊಯ್ಯಲ್ ಹೊಳೆಯಾಗುವುದನ್ನು ನೀವು ಬಲ್ಲಿರಿ. ನಮ್ಮ ಯಕೃತ್ತಿನಲ್ಲಿ ಹುಟ್ಟುವ ಪಿತ್ತರಸವೂ ಹೀಗೆಯೇ ಕೂದಲೆಳೆಯಂಥ ನಾಳಗಳಲ್ಲಿ ಹರಿದು, ಎಡದ್ದೊಂದು ಬಲದ್ದೊಂದು ಕವಲು ಸೇರಿ, ಒಂದೇ ದೊಡ್ಡ ನಾಳವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ದಾರಿಯ ಪಕ್ಕದಲ್ಲಿರುವ ಪಿತ್ತಕೋಶ ಒಂದು ಕೆರೆ ಇದ್ದ ಹಾಗೆ. ಊಟದ ಹೊತ್ತಿಗೆ ಬೇಕಾಗುವ ಪಿತ್ತವನ್ನು ಅದು ಕೂಡಿಟ್ಟುಕೊಳ್ಳುತ್ತದೆ. ಕರುಳು ಸೇರುವ ಬಾಯಿಯ ಹತ್ತಿರ ಮೇದೋಜೀರಕ ಗ್ರಂಥಿಯ ನಾಳವೂ ಬಂದು ಕೂಡಿಕೊಳ್ಳುತ್ತದೆ. ಕೆರೆಯಲ್ಲಿ ಕಲ್ಲಿದ್ದರೆ ಎಷ್ಟೋ ಮಂದಿಗೆ ವರ್ಷಗಟ್ಟಲೆ ತಿಳಿಯುವುದೇ ಇಲ್ಲ. ಆ ಕಲ್ಲು ಜಾರಿ ಹೊಳೆಗೆ ಬಿದ್ದು ಬಾಯಿಯಲ್ಲಿ ಸಿಕ್ಕಿಕೊಂಡಾಗಲೇ ಆಪತ್ತು. ಪಿತ್ತ ಹಿಂದಕ್ಕೆ ಒತ್ತಿ ರಕ್ತಕ್ಕೆ ಸೇರುತ್ತದೆ, ಕಣ್ಣು ಹಳದಿಯಾಗುತ್ತದೆ. ಮೇದೋಜೀರಕ ಗ್ರಂಥಿಯೂ ಕೆಟ್ಟರೆ ಪ್ರಾಣಕ್ಕೇ ಬರಬಹುದು.

ಸಾಧಾರಣ ಹೊಟ್ಟೆಯ ಸ್ಕ್ಯಾನ್ ಪಿತ್ತಕೋಶದ ಕಲ್ಲನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ನಾಳದ ಕೆಳತುದಿ ಕರುಳಿನ ಗಾಳಿಯ ಮರೆಯಲ್ಲಿ ಇರುವುದರಿಂದ ಅಲ್ಲಿ ಅದಕ್ಕೆ ಕಣ್ಣು ಮಂಜು. ಹಿಂದೆ ಆ ಜಾಗ ನೋಡಬೇಕಾದರೆ ಬಾಯಿಯಿಂದ ಕೊಳವೆ ಇಳಿಸಿ ನಾಳಕ್ಕೆ ಬಣ್ಣದ ಔಷಧ ತುಂಬಿ ಎಕ್ಸ್‌ರೇ ತೆಗೆಯಬೇಕಿತ್ತು. 1968ರಿಂದ ಬಳಕೆಗೆ ಬಂದ ಆ ವಿಧಾನಕ್ಕೆ ಇ.ಆರ್.ಸಿ.ಪಿ. ಎಂದು ಹೆಸರು. 1991ರಲ್ಲಿ ಮೊದಲ ಸಲ ವೈದ್ಯಪತ್ರಿಕೆಯಲ್ಲಿ ವರ್ಣನೆಗೊಂಡ ಎಂ.ಆರ್.ಸಿ.ಪಿ.ಗೆ ಕೊಳವೆಯೂ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ದೊಡ್ಡ ಅಯಸ್ಕಾಂತದ ಶಕ್ತಿಯಿಂದ, ನಿಂತ ನೀರಿನಂತಿರುವ ಪಿತ್ತರಸವನ್ನೇ ಬೆಳ್ಳಗೆ ಹೊಳೆಯುವಂತೆ ಮಾಡಿ ಚಿತ್ರ ತೆಗೆಯುತ್ತಾರೆ. ಬಿಳಿ ಹೊಳೆಯ ನಡುವೆ ಕಪ್ಪು ಚುಕ್ಕೆ ಕಂಡರೆ ಅದು ಕಲ್ಲಿರಬಹುದು. ಸಾಮಾನ್ಯವಾಗಿ ಸೂಜಿಮದ್ದೂ ಬೇಕಾಗುವುದಿಲ್ಲ.

ಒಂದು ಮಾತನ್ನು ನೀವು ಮರೆಯಬಾರದು. ಎಂ.ಆರ್.ಸಿ.ಪಿ. ನೋಡುವ ಕಣ್ಣು, ಕೆಲಸ ಮಾಡುವ ಕೈ ಅಲ್ಲ. ಅದು ಕಲ್ಲನ್ನು ತೆಗೆಯುವುದಿಲ್ಲ, ತೆಗೆಯುವುದು ಇ.ಆರ್.ಸಿ.ಪಿ. ಹಾಗಾದರೆ ನೇರವಾಗಿ ಅದನ್ನೇ ಮಾಡಿಬಿಡಬಾರದೇ ಎಂದು ಕೇಳುವವರಿದ್ದಾರೆ. ಇ.ಆರ್.ಸಿ.ಪಿ. ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 3ರಿಂದ 10 ಮಂದಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಇಲ್ಲದ ಕಲ್ಲನ್ನು ಹುಡುಕಲು ಹೋಗಿ ಇಲ್ಲದ ಕಾಯಿಲೆ ತಂದುಕೊಳ್ಳಬಾರದೆಂದೇ ಮೊದಲು ಕಣ್ಣಿನಿಂದ ನೋಡುವುದು.

ಇದು ಎಲ್ಲರಿಗೂ ಬೇಕೇ? ಬೇಡ. ಪಿತ್ತಕೋಶದಲ್ಲಿ ಕಲ್ಲಿದ್ದು, ರಕ್ತಪರೀಕ್ಷೆ ಸರಿಯಾಗಿದ್ದು, ನಾಳ ಹಿಗ್ಗಿಲ್ಲದವರಿಗೆ ಇದರ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ನಾಳದಲ್ಲಿ ಕಲ್ಲಿರುವುದು ಮೊದಲ ಸ್ಕ್ಯಾನಿನಲ್ಲೇ ಸ್ಪಷ್ಟವಾಗಿ ಕಂಡಿದ್ದರೆ, ಅಥವಾ ಕಾಮಾಲೆಯ ಜೊತೆ ಚಳಿಜ್ವರ ಬಂದು ನಾಳ ಕೀತಿದೆಯೆಂದು ವೈದ್ಯರಿಗೆ ಖಚಿತವಾಗಿದ್ದರೆ, ನೇರವಾಗಿ ಇ.ಆರ್.ಸಿ.ಪಿ.ಗೇ ಕರೆದೊಯ್ಯುತ್ತಾರೆ. ನಡುವೆ ಉಳಿಯುವ, 'ಇರಬಹುದು, ಇಲ್ಲದಿರಬಹುದು' ಎಂಬ ಸಂಶಯದವರಿಗೇ ಈ ಚಿತ್ರ. ಅದಕ್ಕೇ ಚೀಟಿ ಕೈಗೆ ಬಂದಾಗ ವೈದ್ಯರನ್ನು ಹೀಗೆ ಕೇಳಿರಿ: "ಡಾಕ್ಟರೇ, ಇದರಲ್ಲಿ ಕಲ್ಲು ಕಂಡರೆ ಏನು ಮಾಡುತ್ತೀರಿ, ಕಾಣದಿದ್ದರೆ ಏನು ಮಾಡುತ್ತೀರಿ?" ಎರಡಕ್ಕೂ ಉತ್ತರ ಒಂದೇ ಆದರೆ ಸ್ಕ್ಯಾನ್ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಉತ್ತರ ಬೇರೆ ಬೇರೆಯಾದರೆ ಖರ್ಚು ಸಾರ್ಥಕ. ಒಳ್ಳೆಯ ವೈದ್ಯರು ಇದಕ್ಕೆ ಕೋಪಿಸಿಕೊಳ್ಳುವುದಿಲ್ಲ. ಹತ್ತಿಬೀಜ ಕೊಳ್ಳುವಾಗ ಅಂಗಡಿಯವನನ್ನು ಹತ್ತು ಪ್ರಶ್ನೆ ಕೇಳುವ ನಾವು ವೈದ್ಯರ ಮುಂದೆ ಮಾತ್ರ ಕೈಕಟ್ಟಿ ಮೂಕರಾಗುವುದು ಏಕೋ ತಿಳಿಯದು.

ಇನ್ನು ನಮ್ಮ ಜನರನ್ನು ನಾವು ಬೈಯಲೇಬೇಕಾದ ವಿಷಯ. ಕಣ್ಣು ಹಳದಿಯಾದ ಕೂಡಲೇ ನಮ್ಮಲ್ಲಿ ನಡೆಯುವುದೇನು? ನೆಲನೆಲ್ಲಿ, ಇಲ್ಲಿನವರು ಕೀಳಾನೆಲ್ಲಿ ಎನ್ನುವ ಗಿಡ, ಅರೆದು ಮಜ್ಜಿಗೆಯಲ್ಲಿ ಕುಡಿಸುವುದು. ಕಾಮಾಲೆಗೆ ಮದ್ದು ಕೊಡುವವರ ಊರಿಗೆ ಬಸ್ ಹತ್ತುವುದು. ಪಥ್ಯ ಹಿಡಿದು ಮೂರು ವಾರ ಕಾಯುವುದು. ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಮಾತ್ರ ಗಿಡಕ್ಕೆ ಹೋಗುತ್ತದೆ. ಆದರೆ ನಾಳ ಕಟ್ಟಿಕೊಂಡ ಕಾಮಾಲೆ ಕಾಯುವುದರಿಂದ ಬಿಟ್ಟುಕೊಳ್ಳುತ್ತದೆಂದು ನಂಬಿ ಕೂರಲಾಗದು. ಮಲ ಜೇಡಿಮಣ್ಣಿನಂತೆ ಬಿಳಿಚಿಕೊಂಡರೆ, ಮೂತ್ರ ಕಡು ಟೀಯಂತಾದರೆ, ಮೈಯೆಲ್ಲ ತುರಿಕೆ ಎದ್ದರೆ ಮನೆಮದ್ದಿನ ಯೋಚನೆ ಬಿಟ್ಟು ಆಸ್ಪತ್ರೆಗೆ ಹೋಗಿರಿ. ಇದರ ಜೊತೆ ನಡುಗುವ ಚಳಿಜ್ವರ ಬಂದರಂತೂ ಬೆಳಗಾಗಲೆಂದು ಕಾಯಬೇಡಿ. ಆ ರಾತ್ರಿಯೇ ಹೊರಡಿರಿ, ಹಾಲು ಕರೆಯಲು ಪಕ್ಕದ ಮನೆಯವರಿಗೆ ಹೇಳಿದರಾಯಿತು. ನೋವೇ ಇಲ್ಲದೆ ಹಳದಿಯಾಗಿ ಮೈ ಇಳಿದುಹೋಗುತ್ತಿರುವ ವಯಸ್ಸಾದವರಲ್ಲಿ ಗಡ್ಡೆ ಇರಬಹುದಾದ್ದರಿಂದ ಅಲ್ಲಿಯೂ ಒಂದೊಂದು ವಾರಕ್ಕೆ ಬೆಲೆಯಿದೆ.

ಸ್ಕ್ಯಾನಿಗೆ ಹೋಗುವ ದಿನದ ಮಾತು. ನಾಲ್ಕರಿಂದ ಆರು ಗಂಟೆ ಏನೂ ತಿನ್ನದೆ ಇರಬೇಕು. ಉಂಡರೆ ಪಿತ್ತಕೋಶ ಬರಿದಾಗುತ್ತದೆ, ಕರುಳಿನ ನೀರು ಚಿತ್ರಕ್ಕೆ ಅಡ್ಡ ಬರುತ್ತದೆ. ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ಮುಂಚೆಯೇ ಕೇಳಿ, ಬೆಳಗಿನ ಹೊತ್ತನ್ನೇ ಗೊತ್ತುಮಾಡಿಕೊಳ್ಳಿರಿ. ಕೆಲವು ಕಡೆ ಸ್ಕ್ಯಾನಿಗೆ ಮೊದಲು ಅನಾನಸ್ ರಸ ಕುಡಿಸುತ್ತಾರೆ. ಉಪವಾಸ ಮುರಿಸಿದರೆಂದು ಗಾಬರಿಯಾಗಬೇಡಿ. ಆ ಹಣ್ಣಿನಲ್ಲಿ ಮ್ಯಾಂಗನೀಸ್ ಹೆಚ್ಚು. ನಾವು ಬೆಳೆಗೆ ಲಘುಪೋಷಕವೆಂದು ಸಿಂಪಡಿಸುತ್ತೇವಲ್ಲ, ಅದೇ ಧಾತು. ಅದು ಹೊಟ್ಟೆಯ ನೀರಿನ ಹೊಳಪನ್ನು ಅಡಗಿಸಿ ನಾಳ ಸ್ಪಷ್ಟವಾಗಿ ಕಾಣುವಂತೆ ಮಾಡುತ್ತದೆ.

ಯಂತ್ರ ಒಂದು ಸುರಂಗ. ಒಳಗೆ ಅರ್ಧ ಗಂಟೆಯ ಆಸುಪಾಸು ಅಲುಗದೆ ಮಲಗಬೇಕು, ಹೇಳಿದಾಗ ಹದಿನೈದು ಇಪ್ಪತ್ತು ಸೆಕೆಂಡು ಉಸಿರು ಹಿಡಿಯಬೇಕು. ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋದರೆ ಚಿತ್ರ ಮಸುಕಾಗುವುದು ತಪ್ಪುತ್ತದೆ. ಉಸಿರು ಹಿಡಿಯಲಾಗದವರಿಗೆ ಬೇರೆ ಕ್ರಮವೂ ಇದೆ, ನಾಚದೆ ಹೇಳಿರಿ. ಸದ್ದು ಜೋರು. ಸೋಮನೂರು, ಪಲ್ಲಡಂ ಕಡೆ ಮಗ್ಗದ ಶೆಡ್ಡಿನ ಪಕ್ಕ ಮಲಗಿ ಅಭ್ಯಾಸವಾದವರಿಗೆ ಅದೇನೂ ದೊಡ್ಡದಲ್ಲ. ಮುಚ್ಚಿದ ಜಾಗಕ್ಕೆ ಹೆದರುವವರು ಮೊದಲೇ ತಿಳಿಸಬೇಕು.

ಲೋಹದ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಸ್ಕ್ಯಾನ್ ನಡೆಯದಿರುವಾಗಲೂ ಆ ಅಯಸ್ಕಾಂತ ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋದ ಯುವಕನನ್ನು ಯಂತ್ರ ಸಿಲಿಂಡರ್ ಸಮೇತ ಸೆಳೆದುಕೊಂಡು ಆತ ಪ್ರಾಣ ಕಳೆದುಕೊಂಡ. ಆದ್ದರಿಂದ ಜಪಸರ, ಪದಕ, ಶಿಲುಬೆ, ಉಡಿದಾರ, ಕಾಲುಂಗುರ, ಅಡಕೆಕತ್ತರಿ, ಮೊಬೈಲು ಎಲ್ಲವೂ ಹೊರಗೆ. ನಮ್ಮ ಹೆಂಗಸರು ತಾಳಿಸರಕ್ಕೆ ಸಿಕ್ಕಿಸಿಕೊಳ್ಳುವ ಪಿನ್ನುಗಳನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ತಾಳಿ ಬಿಚ್ಚಬೇಕಲ್ಲಾ ಎಂದು ಅಳುವ ತಾಯಂದಿರಿದ್ದಾರೆ; ಮನೆಯವರ ಕೈಗೆ ಕೊಟ್ಟು ಅರ್ಧ ಗಂಟೆಯಲ್ಲಿ ಮತ್ತೆ ಹಾಕಿಕೊಂಡರೆ ಏನೂ ಆಗದು. ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರು, ತಲೆಯಲ್ಲಿ ಕ್ಲಿಪ್ ಹಾಕಿಸಿಕೊಂಡವರು, ಕಿವಿಯೊಳಗೆ ಯಂತ್ರ ಇರುವವರು, ಮೂಳೆಗೆ ಪ್ಲೇಟ್ ಹಾಕಿಸಿದವರು ಹಳೆಯ ಕಾಗದಗಳ ಸಮೇತ ತಿಳಿಸಬೇಕು. ಗರ್ಭಿಣಿಯರೂ ಹೇಳಬೇಕು. ಕೊಯಮತ್ತೂರಿನ ಫೌಂಡ್ರಿ, ಲೇತ್, ಪಂಪು ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳು ನಮ್ಮ ಎಷ್ಟೋ ರೈತರ ಮನೆಗಳಲ್ಲಿ ಇದ್ದಾರೆ. ಎಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಹಾರಿದ್ದರೆ, ಹತ್ತು ವರ್ಷದ ಹಿಂದಿನದಾದರೂ ಸರಿ, ಹೇಳಲೇಬೇಕು. ಚೂರು ಉಳಿದಿದ್ದರೆ ಅಯಸ್ಕಾಂತ ಅದನ್ನು ಕಣ್ಣೊಳಗೇ ಸರಿಸಬಲ್ಲದು.

ವರದಿಯೂ ವೇದವಾಕ್ಯವಲ್ಲ. ತೀರಾ ಸಣ್ಣ ಕಲ್ಲು ಕಾಣದೆ ತಪ್ಪಿಸಿಕೊಳ್ಳುವುದುಂಟು. ಗಾಳಿಗುಳ್ಳೆ ಕಲ್ಲಿನಂತೆ ಕಾಣುವುದೂ ಉಂಟು. 'ಏನೂ ಇಲ್ಲ' ಎಂದು ಬಂದ ಮೇಲೂ ಹಳದಿ, ಜ್ವರ ಮುಂದುವರಿದರೆ ಮತ್ತೆ ಹೋಗಬೇಕು. ಸ್ಕ್ಯಾನ್ ತೆಗೆಸಿ, ಕೊಯ್ಲು ಮುಗಿಯಲೆಂದು ಎರಡು ತಿಂಗಳು ಬಿಟ್ಟು ಹಳೆಯ ಚಿತ್ರವನ್ನೇ ಹಿಡಿದು ಹೋಗುವುದು ವ್ಯರ್ಥ. ಕಲ್ಲು ಹೋದ ವರ್ಷದ ಬದುವಿನ ಹಾಗೆ ಒಂದೇ ಕಡೆ ಕೂರುವುದಿಲ್ಲ. ತಾನಾಗಿ ಕರುಳಿಗೆ ಜಾರಿರಬಹುದು, ಹೊಸದೊಂದು ನಾಳಕ್ಕೆ ಇಳಿದಿರಬಹುದು.

ಹಸುವಿನ ಪ್ರಶ್ನೆಗೆ ಬರೋಣ. ಪರೀಕ್ಷೆಯೊಂದಕ್ಕಾಗಿ ಹಸು ಮಾರುವ ಮುನ್ನ ಎರಡು ಬಾಗಿಲು ತಟ್ಟಬೇಕು. ಕೊಯಮತ್ತೂರು ವೈದ್ಯಕೀಯ ಕಾಲೇಜಿನ ಸರಕಾರಿ ಆಸ್ಪತ್ರೆಯಲ್ಲಿ ಎಂ.ಆರ್.ಐ. ಯಂತ್ರವಿದೆ, ಅಲ್ಲಿನ ದರ ಖಾಸಗಿಯವರದಕ್ಕಿಂತ ಬಹಳ ಕಡಿಮೆ. ಸರದಿ ಕಾಯಬೇಕಾಗಬಹುದು, ಕಾಯುವಷ್ಟು ಸಮಯ ಇದೆಯೇ ಎಂದು ವೈದ್ಯರನ್ನೇ ಕೇಳಿರಿ. ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆಯ ಕಾರ್ಡು ಇದ್ದವರು ಹಣ ಕಟ್ಟುವ ಮೊದಲು ಆಸ್ಪತ್ರೆಯಲ್ಲಿರುವ ಆ ಯೋಜನೆಯ ಮೇಜಿಗೆ ಹೋಗಿ, ಸ್ಕ್ಯಾನಿಗೂ ಮುಂದಿನ ಚಿಕಿತ್ಸೆಗೂ ಕಾರ್ಡು ನಡೆಯುತ್ತದೆಯೇ ಎಂದು ವಿಚಾರಿಸಬೇಕು. ಹಣ ಕಟ್ಟಿದ ಮೇಲೆ ಕೇಳಿ ಬರಿಗೈಯಲ್ಲಿ ಬಂದವರನ್ನು ನಾವು ಕಂಡಿದ್ದೇವೆ.

ಆ ಸಹೋದರರ ಮನೆಯವರಿಗೆ ಸ್ಕ್ಯಾನ್ ಆಯಿತು. ನಾಳದಲ್ಲಿ ಕಲ್ಲು ಕಂಡಿತು, ಇ.ಆರ್.ಸಿ.ಪಿ.ಯಲ್ಲಿ ತೆಗೆದರು. ಹಸು ಕೊಟ್ಟಿಗೆಯಲ್ಲೇ ಇದೆ, ಸ್ವಲ್ಪ ಕೈಸಾಲವಾಗಿದೆ. ಆದರೆ ಕಲ್ಲು ಹುಟ್ಟಿದ ಪಿತ್ತಕೋಶ ಇನ್ನೂ ಒಳಗಿದೆ. ಎರಡು ವಾರದೊಳಗೆ ಅದನ್ನೂ ತೆಗೆಸಿಬಿಡಿ ಎಂದು ವೈದ್ಯರು ಹೇಳಿದ್ದಾರೆ. ನೋವು ಹೋಯಿತಲ್ಲ, ಸಣ್ಣ ಈರುಳ್ಳಿ ಕೀಳುವ ತನಕ ಇರಲಿ ಎಂದು ಆಕೆ ಹಠ ಹಿಡಿದಿದ್ದಾರೆ. ಕಳೆದ ವಾರ ನಾವು ಅವರ ಮನೆಗೆ ಹೋಗಿ ಒಂದು ಗಂಟೆ ಮಾತಾಡಿ ಬಂದೆವು. ಈರುಳ್ಳಿ ಕೀಳಲು ನಾಲ್ಕು ಆಳು ನಾವೇ ಗೊತ್ತುಮಾಡಿ ಕೊಡುತ್ತೇವೆ ಎಂದಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.